ತಿಮಿಂಗಿಲ ತಿಂತಿದ್ರಾ ಅಂತ ಕೇಳುವವರಿಗೆ

ಊರಿಂದ ಯಾರೇ ಬರಲಿ, ಈ ಪ್ರಶ್ನೆ ಗ್ಯಾರಂಟಿ. ನಾನಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ನ್ಯೂ ಬೆಡ್‌ಫರ್ಡ್ ಪಕ್ಕ. ಬಾಸ್ಟನ್‌ನಿಂದ ದಕ್ಷಿಣಕ್ಕೆ ಒಂದು ಗಂಟೆಯ ದಾರಿ. ಒಂದು ಕಾಲಕ್ಕೆ ತಿಮಿಂಗಿಲ ಬೇಟೆಗೆ ಇದರಷ್ಟು ದೊಡ್ಡ ಬಂದರು ಜಗತ್ತಿನಲ್ಲೇ ಇರಲಿಲ್ಲ. ಬಂದವರನ್ನು ಇಲ್ಲಿನ ತಿಮಿಂಗಿಲ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗುತ್ತೇನೆ. ಅರ್ಧ ಗಂಟೆ ಸುಮ್ನೆ ನೋಡುತ್ತಾರೆ. ಆಮೇಲೆ ಮೆಲ್ಲಗೆ ಶುರು: "ಅಲ್ಲ, ಇಷ್ಟೆಲ್ಲ ಹಿಡಿದು ಏನ್ ಮಾಡ್ತಿದ್ರು? ತಿಂತಿದ್ರಾ?"

ಇಲ್ಲ. ಮಾಂಸವನ್ನು ಸಮುದ್ರಕ್ಕೇ ಬಿಡುತ್ತಿದ್ದರು. ಅದು ಶಾರ್ಕ್‌ಗಳ ಪಾಲು. ಇವರಿಗೆ ಬೇಕಿದ್ದದ್ದು ಎಣ್ಣೆ, ದೀಪ ಉರಿಸುವುದಕ್ಕೆ.

ಮ್ಯೂಸಿಯಮ್ಮಿನ ಒಳಗೆ ಲಗೋಡಾ ಅನ್ನುವ ಹಡಗಿನ ಮಾದರಿ ಇದೆ. ಅಸಲಿಯ ಅರ್ಧ ಅಳತೆ. 1916ರಷ್ಟು ಹಳೆಯದು, ಹತ್ತಿ ಓಡಾಡಬಹುದು. ನಾನು ಎಲ್ಲರನ್ನೂ ನಿಲ್ಲಿಸುವುದು ಅದರ ಡೆಕ್ಕಿನ ಮೇಲಿರುವ ಇಟ್ಟಿಗೆ ಒಲೆಯ ಮುಂದೆ. ಮರದ ಹಡಗಿನ ಮೇಲೆ ಒಲೆ! ಡೆಕ್ಕಿಗೆ ಬೆಂಕಿ ಹತ್ತಬಾರದು ಅಂತ ಒಲೆಯ ಕೆಳಗೆ ನೀರು ನಿಲ್ಲಿಸುತ್ತಿದ್ದರು. ಮೇಲೆ ಕಬ್ಬಿಣದ ದೊಡ್ಡ ಹಂಡೆಗಳು. ತಿಮಿಂಗಿಲದ ಚರ್ಮದಡಿಯ ಕೊಬ್ಬನ್ನು ಪಟ್ಟಿ ಪಟ್ಟಿಯಾಗಿ ಸುಲಿದು, ಹೆಚ್ಚಿ, ಇದರಲ್ಲಿ ಕಾಯಿಸಿ ಎಣ್ಣೆ ಇಳಿಸುತ್ತಿದ್ದರು. ನಡುಸಮುದ್ರದಲ್ಲಿ ಸೌದೆ ಎಲ್ಲಿಂದ ಬರಬೇಕು? ಎಣ್ಣೆ ಬಿಟ್ಟು ಗರಿಗರಿಯಾದ ಚೂರುಗಳನ್ನೇ ಮತ್ತೆ ಒಲೆಗೆ ಹಾಕುತ್ತಿದ್ದರು. ತಿಮಿಂಗಿಲವನ್ನು ಬೇಯಿಸಲು ತಿಮಿಂಗಿಲವೇ ಸೌದೆ. ಹಗಲೂ ರಾತ್ರಿ ಪಾಳಿಯ ಮೇಲೆ ಈ ಕೆಲಸ, ಡೆಕ್ಕೆಲ್ಲ ಜಿಡ್ಡು, ಕಣ್ಣಿಗೆ ಕಪ್ಪು ಹೊಗೆ.

ಒಂದು ತಿದ್ದುಪಡಿ. ತಿಮಿಂಗಿಲವನ್ನು ತಿನ್ನಲಿಲ್ಲ ಅಂದೆ. ಆದರೆ ಸಾವಿರ ಪೀಪಾಯಿ ತುಂಬಿದ ಖುಷಿಗೆ ಕೆಲವು ಹಡಗುಗಳಲ್ಲಿ ಅದೇ ಹಂಡೆಯ ಎಣ್ಣೆಯಲ್ಲಿ ಡೋನಟ್ ಕರಿಯುತ್ತಿದ್ದರಂತೆ. ನಾವಾಗಿದ್ದರೆ ಬೋಂಡಾ ಬಿಡುತ್ತಿದ್ದೆವು, ಅಲ್ವಾ?

ಎಲ್ಲಕ್ಕಿಂತ ದುಬಾರಿ ಸರಕು ಸ್ಪರ್ಮ್ ತಿಮಿಂಗಿಲದ ತಲೆಯಲ್ಲಿತ್ತು. ಅದರ ತಲೆಯೇ ಮೈಯ ಮೂರನೇ ಒಂದು ಭಾಗ. ಒಳಗಿನದ್ದನ್ನು ಬಕೆಟ್ಟಿನಲ್ಲಿ ಮೊಗೆದು ತೆಗೆಯುತ್ತಿದ್ದರು. ಗಾಳಿಗೆ ಬಿದ್ದೊಡನೆ ಮೇಣದ ಹಾಗೆ ಬೆಳ್ಳಗೆ ಹೆಪ್ಪುಗಟ್ಟುವ ಪದಾರ್ಥ. ಅದರ ಮೇಣದಬತ್ತಿಗೆ ಹೊಗೆಯಿಲ್ಲ, ವಾಸನೆಯಿಲ್ಲ. ಉಳ್ಳವರ ಮನೆಯ ಬೆಳಕು. ಈ ಊರಿನ ಮುದ್ರೆಯಲ್ಲಿ ಇವತ್ತಿಗೂ ಲ್ಯಾಟಿನ್‌ನ ಎರಡು ಪದಗಳಿವೆ: ಲೂಸೆಮ್ ಡಿಫುಂಡೊ. ಬೆಳಕು ಹರಡುತ್ತೇನೆ ಅಂತ ಅರ್ಥ.

1857ರಲ್ಲಿ ಇಲ್ಲಿಯ ಹಡಗುಗಳು 329. ಹೊರಟರೆ ಮೂರು ನಾಲ್ಕು ವರ್ಷ ಮನೆ ಮುಖ ಇಲ್ಲ. ಸಂಬಳವೂ ಇಲ್ಲ, ನಮ್ಮ ಕಡೆ ಬೋಟಿನಲ್ಲಿ ಇರುವ ಹಾಗೆ ಪಾಲು. ಕ್ಯಾಪ್ಟನ್‌ಗೆ ದೊಡ್ಡದು. ಹೊಸದಾಗಿ ಸೇರಿದ ಹುಡುಗನಿಗೆ ಲಾಭದ ನೂರೈವತ್ತನೆಯದೋ ಇನ್ನೂರನೆಯದೋ ಒಂದು ಪಾಲು. ಅದರಲ್ಲೂ ಹಡಗಿನಲ್ಲಿ ಕೊಂಡ ಬಟ್ಟೆ, ತಂಬಾಕಿನ ಲೆಕ್ಕ ಕಳೆಯುತ್ತಿದ್ದರು. ಊರಿನ ಗುಡ್ಡದ ಮೇಲಿನ ಬಂಗಲೆಗಳು ಯಾರವು ಅಂತ ಬೇರೆ ಹೇಳಬೇಕಿಲ್ಲ.

ಆದರೂ ಈ ಊರಿನಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇಲ್ಲಿಗೆ ಬಂದು ಸೇರಿದ ಜನ. ಆಗ ಪೋರ್ಚುಗೀಸರ ಕೈಲಿದ್ದ ಅಜೋರ್ಸ್, ಕೇಪ್ ವರ್ಡಿ ದ್ವೀಪಗಳಿಂದ ಹಡಗು ಹತ್ತಿ ಬಂದವರು ಇಲ್ಲೇ ಬೇರೂರಿದರು. ಈಗಲೂ ಬೀದಿಯಲ್ಲಿ ಪೋರ್ಚುಗೀಸ್ ಕಿವಿಗೆ ಬೀಳುತ್ತದೆ. ಗುಲಾಮಗಿರಿ ತಪ್ಪಿಸಿಕೊಂಡು ಓಡಿ, ಮುಂದೆ ಅದರ ವಿರುದ್ಧ ದೊಡ್ಡ ದನಿಯಾದ ಫ್ರೆಡರಿಕ್ ಡಗ್ಲಾಸ್ 1838ರಲ್ಲಿ ಬಂದದ್ದು ಇಲ್ಲಿಗೆ. ಡಗ್ಲಾಸ್ ಅನ್ನುವ ಹೆಸರು ಇಟ್ಟುಕೊಂಡದ್ದೂ ಇಲ್ಲೇ. ಹಡಗಿನ ಹಲಗೆ ಸಂದು ಮುಚ್ಚುವ ಕೆಲಸ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಿಳಿ ಕೆಲಸಗಾರರು ಜೊತೆಗೆ ದುಡಿಯಲು ಒಪ್ಪದ ಕಾರಣ ಸೌದೆ ಸೀಳಿ, ಎಣ್ಣೆ ಪೀಪಾಯಿ ಹೇರಿ ಬದುಕಿದರು. ಬೆಳಕು ಹರಡುವ ಊರಿನ ಇನ್ನೊಂದು ಮುಖ ಅದು. ಲೂಯಿಸ್ ಟೆಂಪಲ್ ಎಂಬ ಕಪ್ಪು ಜನಾಂಗದ ಕಮ್ಮಾರ 1848ರಲ್ಲಿ ಹೊಸ ಥರದ ಈಟಿ ಮಾಡಿದ. ಮೈಯೊಳಗೆ ಹೊಕ್ಕ ಮೇಲೆ ತುದಿ ಅಡ್ಡಕ್ಕೆ ತಿರುಗುತ್ತದೆ, ಎಳೆದರೆ ಬರುವುದಿಲ್ಲ. ಎಲ್ಲ ಹಡಗಿಗೂ ಅದೇ ಬೇಕಾಯಿತು. ಪೇಟೆಂಟ್ ಮಾತ್ರ ಅವನು ಮಾಡಿಸಿರಲಿಲ್ಲ.

ಬೇಟೆ ನಿಂತದ್ದು ಹೇಗೆ? ಕರುಣೆಯಿಂದಂತೂ ಅಲ್ಲ. ಸೀಮೆಎಣ್ಣೆಯಿಂದ. 1859ರಲ್ಲಿ ಪೆನ್ಸಿಲ್ವೇನಿಯದಲ್ಲಿ ಎಡ್ವಿನ್ ಡ್ರೇಕ್ ಕೊರೆದ ಬಾವಿಯಲ್ಲಿ ಎಣ್ಣೆ ಬಂತು. ಅಗ್ಗದ ಸೀಮೆಎಣ್ಣೆಯ ಮುಂದೆ ತಿಮಿಂಗಿಲದ ಎಣ್ಣೆ ನಿಲ್ಲಲಿಲ್ಲ. ಕರೆಂಟ್ ಹೋದಾಗ ನಮ್ಮಜ್ಜಿ ಹಚ್ಚುತ್ತಿದ್ದ ಬುಡ್ಡಿ ದೀಪದ ಅದೇ ಸೀಮೆಎಣ್ಣೆ! ಹಾಗಂತ ಒಂದೇ ದಿನಕ್ಕೆ ನಿಲ್ಲಲಿಲ್ಲ. 1871ರಲ್ಲಿ ಆರ್ಕ್ಟಿಕ್ ಮಂಜುಗಡ್ಡೆಗೆ ಸಿಕ್ಕ 33 ಹಡಗುಗಳನ್ನು ಬಿಟ್ಟು ಬರಬೇಕಾಯಿತು. 1,200ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಸಾಯಲಿಲ್ಲ ಅನ್ನುವುದೇ ಆಶ್ಚರ್ಯ. ದುಡ್ಡು ಹತ್ತಿ ಗಿರಣಿಗಳ ಕಡೆ ಹೋಯಿತು. 1920ರ ದಶಕದಲ್ಲಿ ಕೊನೆಯ ಹಡಗುಗಳೂ ಮುಗಿದವು. ಈಗ ಇಲ್ಲಿ ಸ್ಕ್ಯಾಲಪ್ ಅನ್ನುವ ಚಿಪ್ಪುಮೀನಿನ ವ್ಯಾಪಾರ ಜೋರು.

"ಕೊಂದದ್ದಕ್ಕೆ ಹೆಮ್ಮೆಯಾ?" ಅಂತಲೂ ಕೇಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಅದೇ ಮ್ಯೂಸಿಯಮ್ಮಿನಲ್ಲಿ ಹಡಗು ಬಡಿದು ಸತ್ತ ಬಸುರಿ ರೈಟ್ ತಿಮಿಂಗಿಲದ ಅಸ್ಥಿಪಂಜರವಿದೆ, ಜೊತೆಗೆ ಅದರ ಹೊಟ್ಟೆಯಲ್ಲಿದ್ದ ಮರಿಯದ್ದು. ಉತ್ತರ ಅಟ್ಲಾಂಟಿಕ್‌ನಲ್ಲಿ ಈ ಜಾತಿಯವು ಈಗ 400ಕ್ಕಿಂತ ಕಡಿಮೆ. ಅದರ ಮುಂದೆ ಯಾರೂ ಸೆಲ್ಫಿಗೆ ನಗುವುದನ್ನು ನಾನು ನೋಡಿಲ್ಲ.

ಬಾಗಿಲ ಹತ್ತಿರ ತೂಗುವ ನೀಲಿ ತಿಮಿಂಗಿಲದ್ದು ಬೇರೆಯೇ ಕಥೆ. 66 ಅಡಿ ಉದ್ದ, 1998ರಲ್ಲಿ ಟ್ಯಾಂಕರ್ ಹಡಗೊಂದಕ್ಕೆ ಸಿಕ್ಕಿ ಸತ್ತದ್ದು. ತೂಗುಹಾಕಿ 20 ವರ್ಷ ದಾಟಿದರೂ ಮೂಳೆಗಳಿಂದ ಎಣ್ಣೆ ಜಿನುಗುತ್ತಲೇ ಇದೆ. ಹಿಡಿಯಲು ಒಂದು ಗಾಜಿನ ಪಾತ್ರೆ ಕಟ್ಟಿದ್ದಾರೆ. ಗಂಗೊಳ್ಳಿಯಿಂದ ಬಂದಿದ್ದ ಅಪ್ಪ ಅದರ ಕೆಳಗೆ ನಿಂತು ಮೂಗರಳಿಸಿದರು.

"ಕಾಣ್, ಇದ್ ಮೀನೆಣ್ಣಿ ವಾಸ್ನಿ ಅಲ್ದಾ?"

ಹೌದು ಅಂದೆ. ಪಾತ್ರೆಯನ್ನೇ ಸ್ವಲ್ಪ ಹೊತ್ತು ನೋಡಿದರು.

"ದೋಣಿಗ್ ಹಚ್ಚುಕ್ ಆತಿತ್ತ್."