ಬರೆ, ಮೆಟ್ಟಿಲು, ಮೋರಿ: ನಮ್ಮ ಬಡಾವಣೆಯ ನಕ್ಷೆ ಎಲ್ಲಿಗೆ ಬಂತು

ನಕ್ಷೆಯ ಮೊದಲ ಪೂರ್ತಿ ಪ್ರತಿ ಈ ವಾರ ಪ್ರಿಂಟ್ ಆಗಿ ಬಂತು. ಮಡಿಕೇರಿ ಪೇಟೆಯಿಂದ ಕೆಳಗೆ ಇಳಿಯುವ ನಮ್ಮ ಬಡಾವಣೆ ಇಡೀ ಒಂದು ದೊಡ್ಡ ಹಾಳೆಯಲ್ಲಿದೆ. ರಸ್ತೆ, ಮನೆ, ಮೆಟ್ಟಿಲು ದಾರಿ, ತಡೆಗೋಡೆ, ಚರಂಡಿ, ಮೋರಿ (ರಸ್ತೆಯಡಿ ನೀರು ದಾಟುವ ಕಿಂಡಿ), ಒರತೆ ಎಲ್ಲವೂ. ಕೆಲಸ ಇನ್ನೂ ಬಾಕಿ ಇದೆ. ಆದರೂ ಅಂಗಡಿ ಜಗಲಿಯಲ್ಲಿ ಹಾಳೆ ಬಿಚ್ಚಿದ ಕೂಡಲೇ ಜನ ತಮ್ಮ ತಮ್ಮ ಮನೆ ಹುಡುಕಿ ಬೆರಳಿಟ್ಟರು. ನನಗೆ ಅದಕ್ಕಿಂತ ಜಾಸ್ತಿ ಏನೂ ಬೇಕಿರಲಿಲ್ಲ.

ಹೊಸದಾಗಿ ಓದುವವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. 2018ರ ಆಗಸ್ಟ್‌ನಲ್ಲಿ ಇಂದಿರಾನಗರ, ಚಾಮುಂಡೇಶ್ವರಿ ನಗರ, ಮಂಗಳಾದೇವಿ ನಗರದ ಕಡೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಜರಿದು ಮನೆಗಳು ಹೋದವು. ಮಂಗಳೂರಿಗೆ ಇಳಿಯುವ ಹೆದ್ದಾರಿಯೂ ಕುಸಿದು ಬಂದ್ ಆಯಿತು. ನಮ್ಮ ಬಡಾವಣೆ ಉಳಿದುಕೊಂಡಿತು. ಅಂದಿನಿಂದ ಮಳೆ ಹಿಡಿದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಮೇಲಿನ ನೀರು ಎಲ್ಲಿಗೆ ಹೋಗ್ತಿದೆ? ಒಬ್ಬೊಬ್ಬರಿಗೆ ಒಂದೊಂದು ತುಂಡು ಗೊತ್ತು. ತಮ್ಮ ಮನೆ ಹಿಂದಿನ ಬರೆ ಗೊತ್ತು, ಪಕ್ಕದ ಚರಂಡಿ ಗೊತ್ತು, ಅಷ್ಟೇ. ಆ ತುಂಡುಗಳನ್ನೆಲ್ಲ ಒಂದೇ ಹಾಳೆಗೆ ತರಬೇಕು ಎಂಬುದೇ ಈ ಕೆಲಸದ ಉದ್ದೇಶ.

ರಸ್ತೆ ಮತ್ತು ಮನೆಗಳನ್ನು ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸೇರಿಸಿ, ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತೆರೆದು ಕೂತೆವು. ಅದು ಬೇಗ ಮುಗಿಯಿತು. ಕಷ್ಟ ಇದ್ದದ್ದು ಎತ್ತರದ ವಿಷಯದಲ್ಲಿ. ಬಾಹ್ಯಾಕಾಶದಿಂದ ರೇಡಾರ್‌ನಲ್ಲಿ ಅಳೆದ, ಪುಕ್ಕಟೆ ಸಿಗುವ ಎಸ್‌ಆರ್‌ಟಿಎಂ ಎತ್ತರದ ಮಾಹಿತಿಯಲ್ಲಿ ಸುಮಾರು 30 ಮೀಟರ್ ಚೌಕಕ್ಕೆ ಒಂದೇ ಎತ್ತರ ಇರುತ್ತದೆ. ಇಡೀ ಬೆಟ್ಟ ಯಾವ ಕಡೆ ಬಾಗಿದೆ ಎಂದು ನೋಡಲು ಅದು ಸಾಕು. ನಮ್ಮಲ್ಲಿ ಅಷ್ಟೇ ಜಾಗದೊಳಗೆ ಎರಡು ಮೂರು ಮನೆ, ನಡುವೆ ತಡೆಗೋಡೆ, ಪಕ್ಕದಲ್ಲಿ ಮೆಟ್ಟಿಲು. ಒಬ್ಬರ ಅಂಗಳ ಇನ್ನೊಬ್ಬರ ಮಾಡಿನ ಮಟ್ಟಕ್ಕಿದೆ. ನೀರು ಹೋಗುವ ದಾರಿ ಅಂಥ ಲೆಕ್ಕಕ್ಕೆ ಸಿಗುವುದಿಲ್ಲ.

ಕೈಹಿಡಿದವರು ಮೇಲಿನ ರಸ್ತೆಯ ಮೇಸ್ತ್ರಿ ಅಣ್ಣ. ಪಾಯ ಹಾಕುವಾಗ ಬಳಸುವ ಪಾರದರ್ಶಕ ಪೈಪು ತಂದರು. ಒಳಗೆ ನೀರು ತುಂಬಿಸಿ ಎರಡು ತುದಿ ಎತ್ತಿ ಹಿಡಿದರೆ, ನಡುವೆ ಪೈಪು ಹೇಗೇ ಬಿದ್ದಿರಲಿ, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಮೇಲಿನ ಮೆಟ್ಟಿಲಲ್ಲಿ ಒಬ್ಬರು, ಕೆಳಗಿನ ತಿರುವಿನಲ್ಲಿ ಒಬ್ಬರು ಅಳತೆಪಟ್ಟಿ ಹಿಡಿದು ನಿಲ್ಲಬೇಕು. ಎರಡು ಕಡೆಯ ಅಳತೆಯ ವ್ಯತ್ಯಾಸವೇ ಎತ್ತರದ ವ್ಯತ್ಯಾಸ. ‘ಅಕ್ಕಾ, ಮೊದಲು ಗುಳ್ಳೆ ನೋಡಿ’ ಎಂದು ಪ್ರತಿ ಸಲ ನೆನಪಿಸುತ್ತಿದ್ದರು. ಪೈಪಿನೊಳಗೆ ಗಾಳಿ ಸಿಕ್ಕಿಕೊಂಡರೆ ಮಟ್ಟ ಸುಳ್ಳು ಹೇಳುತ್ತದೆ. ಬೆರಳಿನಿಂದ ತಟ್ಟಿ ತಟ್ಟಿ ಗುಳ್ಳೆಯನ್ನು ತುದಿಯವರೆಗೆ ಓಡಿಸಿ, ನೀರು ಅಲುಗಾಡುವುದು ನಿಂತ ಮೇಲೇ ಸೀಸದ ಗೆರೆ. ಹೀಗೆ ತಿರುವಿನಿಂದ ತಿರುವಿಗೆ ಇಳಿಯುತ್ತಾ ಹೋದೆವು. ದುಡ್ಡಿನ ಯಂತ್ರ ಯಾವುದೂ ಬೇಕಾಗಲಿಲ್ಲ.

ಒರತೆಗಳನ್ನು ಗುರುತಿಸಿದ್ದು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಇಲ್ಲಿ ಎಲ್ಲ ಕಡೆಯೂ ನೀರೇ, ಯಾವುದು ಒರತೆ ಎಂದು ಹೇಗೆ ಹೇಳುವುದು? ಫೆಬ್ರವರಿ ಮಾರ್ಚ್‌ನಲ್ಲೂ ಒದ್ದೆ ಇರುವ ಮಣ್ಣು ಬೇರೆಯೇ. ಕೆಳಗಿನ ಮನೆಯ ಅಜ್ಜಿ ಕೋಲೂರಿಕೊಂಡು ಬಂದು ಒಂದೊಂದೇ ಜಾಗ ತೋರಿಸಿದರು. ‘ಕೆಸ ಎಲ್ಲಿ ತಾನಾಗಿ ಹುಟ್ಟುತ್ತೋ ಅಲ್ಲಿ ನೋಡು’ ಎಂದರು. ಅವರು ಹೇಳಿದ ಒಂದು ಜಾಗದಲ್ಲಿ ಈಗ ಕಾಂಕ್ರೀಟ್ ತಡೆಗೋಡೆ ಇದೆ. ಗೋಡೆಯ ಬುಡದಲ್ಲಿ ಪಾಚಿ, ಪಕ್ಕದಲ್ಲೇ ಕೆಸದ ಎಲೆ. ನೀರು ಬಸಿಯಲು ಬಿಟ್ಟಿದ್ದ ತೂತುಗಳಲ್ಲಿ ಅರ್ಧಕ್ಕರ್ಧ ಮಣ್ಣು ಕಟ್ಟಿತ್ತು. ಒಂದೆರಡಕ್ಕೆ ಚೆಂದ ಕಾಣಲಿ ಎಂದು ಸಿಮೆಂಟ್ ಮೆತ್ತಿದ್ದರು. ಗೋಡೆ ಹಿಂದೆ ಸೇರಿದ ನೀರಿಗೆ ಹೊರಗೆ ಬರಲು ದಾರಿ ಇಲ್ಲದಿದ್ದರೆ ಅದು ಗೋಡೆಯನ್ನೇ ಒತ್ತುತ್ತದೆ. ಮಣ್ಣಿನ ಭಾರದ ಜೊತೆ ನೀರಿನ ಭಾರ. ಗೋಡೆ ಹೊಟ್ಟೆ ಬಿಡುವುದು ಆಗಲೇ. ಹಾಗಾಗಿ ನಕ್ಷೆಯಲ್ಲಿ ತಡೆಗೋಡೆಗೆ ಒಂದು ಬಣ್ಣ, ತೂತು ಮುಚ್ಚಿದ ತಡೆಗೋಡೆಗೆ ಕೆಂಪು.

ಸೂರಿನ ನೀರಿನ ಲೆಕ್ಕವನ್ನೂ ಸೇರಿಸಿದೆವು. ಸಾವಿರ ಚದರಡಿಯ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ಸಾವಿರ ಲೀಟರಿನ ಎರಡು ಟ್ಯಾಂಕ್ ತುಂಬಿ ಮತ್ತೂ ಉಳಿಯುತ್ತದೆ. ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆ ಒಂದು ಇಂಚಿಗೆ ನಿಲ್ಲುವುದಿಲ್ಲ, ಅಲ್ವಾ? ಇಷ್ಟೂ ನೀರು ಮಾಡಿನ ಅಂಚಿನ ದಂಬೆಯಿಂದ ನೇರ ಬರೆಯ ತಲೆಗೆ ಬೀಳುವ ಮನೆಗಳನ್ನು ಗುರುತು ಮಾಡಿದ್ದೇವೆ. ಹೆಸರು ಹಾಕಿಲ್ಲ, ಬಾಣದ ಗುರುತು ಮಾತ್ರ. ಮೇಲಿನ ಮನೆಯವರು, ಕೆಳಗಿನ ಮನೆಯವರು ಒಬ್ಬರ ಮೇಲೊಬ್ಬರು ಸಿಟ್ಟಾಗಲಿ ಎಂದು ಈ ನಕ್ಷೆ ಮಾಡಿದ್ದಲ್ಲ. ಒಂದು ಕಡೆ ಎರಡೂ ಮನೆಯವರು ಬಾಣ ನೋಡಿ, ಅರ್ಧರ್ಧ ಖರ್ಚು ಹಾಕಿ, ಚರಂಡಿವರೆಗೆ ಪಿವಿಸಿ ಪೈಪು ಎಳೆಸಿದ್ದಾರೆ. ಆ ಬಾಣವನ್ನು ನಾನು ಅಳಿಸುವಾಗ ಇಬ್ಬರೂ ಪಕ್ಕದಲ್ಲೇ ನಿಂತಿದ್ದರು.

ಇಲ್ಲಿ ಒಂದು ಬೀದಿ ದಾಟುವಷ್ಟರಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು, ಕನ್ನಡ ಎಲ್ಲ ಕಿವಿಗೆ ಬೀಳುತ್ತದೆ. ಅಳತೆಗೆ ಹೋದಲ್ಲೆಲ್ಲ ಕಾಫಿ ಆಗಿಯೇ ಆಗುತ್ತಿತ್ತು. ದಸರಾ ಬಂದರೆ ನಿದ್ದೆ ಬಿಟ್ಟು ಮೆರವಣಿಗೆಯ ಮಂಟಪ ಕಟ್ಟುವ ಹುಡುಗರು ಏಣಿ, ಹಗ್ಗ, ಟಾರ್ಚ್ ಸಮೇತ ಬಂದು ಮೋರಿಗಳ ಒಳಗೆ ಇಣುಕಿ ಅಗಲ ಅಳೆದು ಕೊಟ್ಟರು. ಹತ್ತು ಮಂಟಪ ಒಂದೇ ರಾತ್ರಿ ಹೊರಡುವ ಊರಲ್ಲಿ ಕೆಲಸಕ್ಕೆ ಕೈಗಳಿಗೆ ಬರವಿಲ್ಲ. ಕೇಳಬೇಕು ಅಷ್ಟೇ.

ಮೆಟ್ಟಿಲು ದಾರಿಗಳ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಅವೇ ಚರಂಡಿ. ನಕ್ಷೆಯಲ್ಲಿ ಅವನ್ನು ದಾರಿ ಎಂದೂ ನೀರಿನ ಹಾದಿ ಎಂದೂ ಎರಡು ಸಲ ಬರೆದಿದ್ದೇವೆ. ರಾತ್ರಿ ಹೊತ್ತು ಮನೆ ಬಿಟ್ಟು ಏಳಬೇಕಾಗಿ ಬಂದರೆ ಯಾವ ಮೆಟ್ಟಿಲು ಹತ್ತಬಹುದು, ಯಾವುದು ಬೇಡ ಎಂಬುದು ವಯಸ್ಸಾದವರಿರುವ ಮನೆಗೆ ಬಹಳ ಮುಖ್ಯ.

ಇನ್ನು ಉಳಿದದ್ದು ಮಳೆಯಲ್ಲಿ ಮಾಡುವ ಕೆಲಸ. ಬಡಾವಣೆಯ ಮೇಲೊಂದು, ಕೆಳಗೊಂದು ಮಳೆಮಾಪಕ ಇಡುತ್ತೇವೆ. ತೋಟದವರು ಬರೆಯುವ ಹಾಗೆ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲೇ ಬರೆಯುವುದು, ಇಲ್ಲಿ ಎಲ್ಲರಿಗೂ ಅದೇ ಅರ್ಥ ಆಗುತ್ತದೆ. ಬೆಳಿಗ್ಗೆ ಎಂಟೂವರೆಗೆ ಓದುವ ಕೆಲಸವನ್ನು ಹೈಸ್ಕೂಲಿನ ಇಬ್ಬರು ಮಕ್ಕಳು ಒಪ್ಪಿಕೊಂಡಿದ್ದಾರೆ. ಅದರ ಜೊತೆಗೆ ಯಾವ ಮೋರಿ ಎಷ್ಟು ಮಳೆಗೆ ತುಂಬಿ ಹರಿಯುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಆ ಲೆಕ್ಕ ಕೈಗೆ ಬಂದ ಮೇಲೆ, ಅಗಲ ಮಾಡಬೇಕಾದ ಮೋರಿಗಳ ಪಟ್ಟಿ ಮತ್ತು ನಕ್ಷೆಯ ಒಂದು ಪ್ರತಿ ವಾರ್ಡ್ ಸದಸ್ಯರಿಗೆ. ಇನ್ನೊಂದು ಪ್ರತಿ ಲ್ಯಾಮಿನೇಟ್ ಆಗಿ ಅಂಗಡಿ ಗೋಡೆಗೆ. ತಡೆಗೋಡೆಯ ತೂತು ಬಿಡಿಸಲು ಮೇಸ್ತ್ರಿ ಅಣ್ಣ ಬರುವ ಭಾನುವಾರ ಹೇಳಿದ್ದಾರೆ. ಕಬ್ಬಿಣದ ಸರಳು, ಗುದ್ದಲಿ ಇದ್ದವರು ತನ್ನಿ.