ಸೀಬಿಯಲ್ಲಿ ಕತ್ತೆತ್ತಿ ನೋಡಿದ್ದು

ತುಮಕೂರಿನಿಂದ ಶಿರಾ ದಾರಿಯಲ್ಲಿ ಸುಮಾರು 20 ಕಿ.ಮೀ. ಹೋದರೆ ಸೀಬಿ. ಹೆದ್ದಾರಿಯಲ್ಲಿ ಹೋಗುವವರಲ್ಲಿ ಬಹಳಷ್ಟು ಜನ ಗಾಡಿ ನಿಲ್ಲಿಸುವುದಿಲ್ಲ. ನಿಲ್ಲಿಸಿದವರೂ ನರಸಿಂಹಸ್ವಾಮಿಗೆ ಕೈ ಮುಗಿದು, ತೀರ್ಥ ತಗೊಂಡು ಹೊರಟುಬಿಡುತ್ತಾರೆ. ಮುಖಮಂಟಪದಲ್ಲಿ ಕತ್ತೆತ್ತುವ ಅಭ್ಯಾಸ ನಮಗ್ಯಾರಿಗೂ ಇಲ್ಲ.

ಅಲ್ಲಿರೋದೆಲ್ಲ ಮೇಲೇ. ಇಡೀ ಛಾವಣಿ ತುಂಬಾ ಚಿತ್ರ: ರಾಮಾಯಣ, ಭಾಗವತ, ನರಸಿಂಹನ ಕಥೆ, ಸಾಲು ಸಾಲಾಗಿ. ಪುರಾಣದವರ ನಡುವೆಯೇ ಹೈದರಾಲಿಯ ದರ್ಬಾರು! ದೇವಸ್ಥಾನದ ಸೂರಿನಲ್ಲಿ ನವಾಬ ಹೇಗೆ ಬಂದ ಅಂದರೆ, ಇದನ್ನು ಕಟ್ಟಿಸಿದವರು ಟಿಪ್ಪುವಿನ ಆಸ್ಥಾನದಲ್ಲಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳು. ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಅಂತ ಮೂವರು ಅಣ್ಣತಮ್ಮಂದಿರು, 18ನೇ ಶತಮಾನದ ಕೊನೆಯಲ್ಲಿ. ಮನೆತನ ಉಂಡ ಅನ್ನದ ಲೆಕ್ಕವನ್ನು ದೇವರ ಮುಂದೆಯೇ ಬರೆಸಿಟ್ಟಿದ್ದಾರೆ ಅಂತ ನನಗನ್ನಿಸಿತು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಗಳಲ್ಲಿ 1780ರ ಪೊಳ್ಳಿಲೂರು ಯುದ್ಧ ನೋಡಲು ಟಿಕೆಟ್ ತಗೊಂಡು ಕ್ಯೂ ನಿಲ್ಲುತ್ತೇವೆ. ಹೆಚ್ಚುಕಮ್ಮಿ ಅದೇ ಕಾಲದ ಚಿತ್ರಗಳು ಇಲ್ಲಿ ಕೇಳುವವರಿಲ್ಲದೆ ಇವೆ. ಅಲ್ಲಲ್ಲಿ ಗಾರೆ ಎದ್ದಿದೆ, ಬಣ್ಣ ಮಾಸಿದೆ. ಕೆಂಪು ಮಾತ್ರ ಇನ್ನೂ ಗಟ್ಟಿ.

ಐದು ನಿಮಿಷಕ್ಕೇ ಕುತ್ತಿಗೆ ಹಿಡಿದುಕೊಂಡಿತು. ಭಾವ ಒಂದು ಉಪಾಯ ಮಾಡಿದರು: ಮೊಬೈಲನ್ನು ಸೆಲ್ಫಿಗೆ ಹಾಕಿ ಅಂಗೈಮೇಲೆ ಮಲಗಿಸಿ, ತಲೆ ತಗ್ಗಿಸಿಯೇ ಛಾವಣಿ ನೋಡತೊಡಗಿದರು. ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿದರೆ ಪೇಟದ ಸುತ್ತುಗಳೂ ಕಾಣುತ್ತವೆ. ಅರ್ಚಕರು, "ನೋಡ್ಕಳಿ ಸ್ವಾಮಿ, ಫ್ಲಾಶ್ ಒಂದು ಹಾಕ್ಬೇಡಿ" ಅಂದರು.

ಸ್ಥಳಪುರಾಣವೂ ಗಮ್ಮತ್ತಾಗಿದೆ. ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ಹೋಗುತ್ತಿದ್ದ ವ್ಯಾಪಾರಿ ಇಲ್ಲಿ ತಂಗಿ, ಬಂಡೆಯ ಮೇಲೆ ಪಾತ್ರೆ ಇಟ್ಟು ಬೇಯಿಸಿದನಂತೆ. ಪಾತ್ರೆಯಲ್ಲಿದ್ದದ್ದು ರಕ್ತವಾಯಿತಂತೆ. ರಾತ್ರಿ ಕನಸಿನಲ್ಲಿ ಬಂದ ನರಸಿಂಹ, ಬಂಡೆ ತನ್ನದೆಂದೂ ಗುಡಿ ಕಟ್ಟಬೇಕೆಂದೂ ಹೇಳಿದನಂತೆ.

ಹೊರಗೆ ಬರುವಾಗ ಮಹಾದ್ವಾರದ ಶೃಂಗಾರ ಶಿಲ್ಪಗಳ ಹತ್ತಿರ ಅತ್ತೆಯವರ ನಡಿಗೆ ಇದ್ದಕ್ಕಿದ್ದಂತೆ ಚುರುಕಾಯಿತು. "ಬಿಸ್ಲು ಕಣ್ರೋ, ಬನ್ನಿ" ಅಂದರು. ಒಳಗೆ ಮಾತ್ರ ಯಾವ ಚಿತ್ರದಲ್ಲಿ ಯಾರಿದ್ದಾರೆ ಅಂತ ಬೋರ್ಡಿಲ್ಲದೆಯೇ ಹೇಳುತ್ತಾ ಹೋಗಿದ್ದವರು ಅವರೊಬ್ಬರೇ. ಹೋಗುವುದಾದರೆ ಮನೆಯಲ್ಲಿ ಹರಿಕಥೆ ಕೇಳಿ ಬೆಳೆದ ಹಿರಿಯರಿದ್ದರೆ ಕರಕೊಂಡು ಹೋಗಿ, ಗೈಡ್ ಹುಡುಕುವ ಕೆಲಸವಿಲ್ಲ.