ಮೂಗಿಗೆ ಹೋದ ನೀರು

ಏಪ್ರಿಲ್ ಬಿಸಿಲಿನಲ್ಲಿ ತಂಗಿಯ ಮಗ ಮಹಾಕೂಟದ ಪುಷ್ಕರಣಿಯಲ್ಲಿ ಈಜಿ ಬಂದಿದ್ದ. ರಾತ್ರಿ ಬಾದಾಮಿಯಿಂದ ತಂಗಿಯ ಫೋನ್. “ಅಕ್ಕಾ, ಮೂಗಿಗೆ ನೀರು ಹೋಯಿತಂತೆ. ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾ ಎಂದು ಟಿವಿಯಲ್ಲಿ ತೋರಿಸುತ್ತಾರಲ್ಲ, ಅದು ಇಲ್ಲಿಯೂ ಇರುತ್ತದೆಯೇ?” ರೋಗ ಕಾಣಿಸಿಕೊಳ್ಳುವುದಾದರೆ ಹನ್ನೆರಡು ದಿನದೊಳಗೆ ಎಂದೆ. ಹನ್ನೆರಡು ದಿನವೂ ಅವಳು ಮಗನ ಹಣೆ ಮುಟ್ಟಿ ನೋಡಿದಳು. ದಿನವೂ ಸಂಜೆ ನಾನು ಕೇಳಿದೆ. ಅವನು ಆರಾಮವಾಗಿ ಮಾವಿನಹಣ್ಣು ತಿನ್ನುತ್ತಿದ್ದ.

ಆ ಅಮೀಬಾದ ಹೆಸರು ನೇಗ್ಲೇರಿಯಾ ಫೌಲೆರಿ. ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ. ಆ ನೀರನ್ನು ಕುಡಿದರೆ ರೋಗ ಬರುವುದಿಲ್ಲ. ಮೂಗಿನೊಳಗೆ ಹೋದರೆ ಮಾತ್ರ ವಾಸನೆಯ ನರ ಹಿಡಿದು ಮಿದುಳು ಸೇರುತ್ತದೆ. ರೋಗ ಬಹಳ ಅಪರೂಪ, ಆದರೆ ಬಂದವರಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಜನ ಉಳಿಯುವುದಿಲ್ಲ. 2024ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗನೊಬ್ಬ ಬದುಕಿದ. ಆ ಸುದ್ದಿ ಓದಿದ ದಿನ ನನಗೆ ಪಾಠ ಮಾಡುವುದಕ್ಕಾಗಲಿಲ್ಲ.

ಬಾಗಲಕೋಟೆಯಲ್ಲಿ ಫಾರ್ಮಸಿ ಓದುವ ಮಕ್ಕಳಿಗೆ ಔಷಧ ರಸಾಯನಶಾಸ್ತ್ರ ಕಲಿಸುತ್ತೇನೆ. ಈ ರೋಗಕ್ಕೆಂದೇ ಹುಟ್ಟಿದ ಔಷಧ ಇಂದಿಗೂ ಇಲ್ಲ. ಕೊಡುವುದೆಲ್ಲ ಎರವಲು: ಶಿಲೀಂಧ್ರಕ್ಕೆಂದು ಬಂದ ಆಂಫೊಟೆರಿಸಿನ್, ಕಾಲಾ ಅಜಾರ್ ಎಂಬ ಜ್ವರಕ್ಕೆ ಬಳಸುವ ಮಿಲ್ಟೆಫೊಸಿನ್. ರೋಗಿಗಳು ಬೆರಳೆಣಿಕೆಯಷ್ಟಿದ್ದರೆ ಯಾವ ಕಂಪನಿ ಹಣ ಹಾಕೀತು? ಆದ್ದರಿಂದಲೇ ಸಿಯಾಟಲ್ಲಿನ ವಿಜ್ಞಾನಿಗಳ ಕೆಲಸ ನನಗೆ ದೊಡ್ಡದು. ಅಮೀಬಾದ 178 ಪ್ರೋಟೀನುಗಳನ್ನು ಆರಿಸಿ, ಬ್ಯಾಕ್ಟೀರಿಯಾದೊಳಗೆ ತಯಾರಿಸಿ, ಹರಳುಗಟ್ಟಿಸಿ, ಎಕ್ಸ್-ಕಿರಣ ಹಾಯಿಸಿ ನೋಡಿದರು. 2021ರಲ್ಲಿ ಅವರು ವರದಿ ಮಾಡಿದಾಗ ಕೈಗೆ ಸಿಕ್ಕಿದ್ದು 19ರ ಆಕಾರ. ಅವುಗಳನ್ನು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು, ನವನಗರದ ನಮ್ಮ ಪ್ರಯೋಗಾಲಯದ ಹಳೆಯ ಕಂಪ್ಯೂಟರಿನಲ್ಲಿ ಕೂಡ.

ನನ್ನ ಅಪ್ಪ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದರು. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸುವಾಗ ಮನೆಯಲ್ಲಿ ಯಾರೂ ಅವರನ್ನು ಮಾತನಾಡಿಸುತ್ತಿರಲಿಲ್ಲ. ಅಮೀಬಾದ ಆ ಪ್ರೋಟೀನುಗಳಲ್ಲೊಂದು ಕಿಣ್ವ; ಅದರ ಗುಳಿಯಲ್ಲಿ ಔಷಧದ ಅಣು ಕೂತರೆ ಅದರ ಕೆಲಸ ನಿಲ್ಲುತ್ತದೆ. ಪರದೆಯ ಮೇಲೆ ಆ ಗುಳಿಯನ್ನು ತಿರುಗಿಸುತ್ತ ಕೂತಾಗ ನನಗೆ ಅಪ್ಪನ ಮನೆಯ ಮೌನ ನೆನಪಾಗುತ್ತದೆ. ಅಣುವಿನ ಒಂದು ತುದಿ ಸರಿಯಾದ ಜಾಗದಲ್ಲಿ ಕೂತರೆ ಸಾಲದು. ಅದೇ ಅಣು ಮನುಷ್ಯನ ಕಿಣ್ವದಲ್ಲಿ ಕೂರಬಾರದು. ಮೇಲಾಗಿ ರಕ್ತದಿಂದ ಮಿದುಳಿಗೆ ದಾಟಬೇಕು, ಅದೂ ಬೇಗ, ಏಕೆಂದರೆ ಲಕ್ಷಣ ಕಂಡ ಮೇಲೆ ರೋಗಿಗೆ ಸಾಮಾನ್ಯವಾಗಿ ಐದಾರು ದಿನಗಳೇ ಉಳಿದಿರುತ್ತವೆ.

ನನ್ನ ವಿದ್ಯಾರ್ಥಿನಿ ಒಬ್ಬಳು ಅಮೀಬಾದ ಗ್ಲುಕೋಕೈನೇಸ್ ಹಿಡಿದಿದ್ದಾಳೆ. ಗ್ಲೂಕೋಸನ್ನು ಬಳಕೆಗೆ ತರುವ ಮೊದಲ ಮೆಟ್ಟಿಲೇ ಆ ಕಿಣ್ವ. ಅದಕ್ಕೆ ಹೊಂದಬಹುದಾದ ಅಣುಗಳ ಪಟ್ಟಿ ಮಾಡಿದ್ದಾಳೆ. ಕಳೆದ ವಾರ ಆ ಪಟ್ಟಿಯ ಮೊದಲ ಅಣು, ನಮ್ಮ ಮಿದುಳಿನಲ್ಲಿ ಅದೇ ಕೆಲಸ ಮಾಡುವ ಹೆಕ್ಸೋಕೈನೇಸ್ ಎಂಬ ಕಿಣ್ವಕ್ಕೂ ಅಷ್ಟೇ ಬಿಗಿಯಾಗಿ ಅಂಟಿತು. ಅಮೀಬಾವನ್ನು ಕೊಲ್ಲಲು ಹೋಗಿ ಮಿದುಳನ್ನೇ ಉಪವಾಸ ಕೆಡವುವ ಔಷಧ ನಮಗೆ ಬೇಡ. ಅವಳು ಅದರ ಮೇಲೆ ಗೆರೆ ಎಳೆದು, ಏನೂ ಹೇಳದೆ ಎರಡನೆಯದನ್ನು ತೆರೆದಳು.